ಹತ್ತು ಸೀಸೆಗಳು ಮತ್ತು ಈರಮ್ಮನ ಬಳೆ

ಕೋವಿಡ್ ಇಳಿದ ಮರುವರ್ಷ ನಾನು ಮಸ್ಕಿ ಭಾಗದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಸಿಂಧನೂರು ಮತ್ತು ಲಿಂಗಸುಗೂರು ತಾಲೂಕಿನ ಹಳ್ಳಿಗಳಲ್ಲಿ ಹಿರಿಯರಿಗಾಗಿ ತಪಾಸಣಾ ಶಿಬಿರ ನಡೆಸುವುದೂ ನನ್ನ ಕೆಲಸವಾಗಿತ್ತು. ಬಿಪಿ, ಶುಗರ್ ಜೊತೆಗೆ ವಾಸನೆಯ ಪರೀಕ್ಷೆಯೂ ಇರಲಿ ಎಂದು ಮೇಲಧಿಕಾರಿಗಳೊಂದಿಗೆ ವಾದಿಸಿ ಒಪ್ಪಿಗೆ ಪಡೆದಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದವಳಿಗೆ ಒಪ್ಪಿಸುವುದು ಕಷ್ಟವಾಗಲಿಲ್ಲ.

ನನ್ನ ವಾದ ಸರಳವಾಗಿತ್ತು. ಮಿದುಳಿನ ನರಗಳು ನಿಧಾನವಾಗಿ ಸವೆಯುವ ಪಾರ್ಕಿನ್ಸನ್ ಕಾಯಿಲೆಯಲ್ಲಿ, ಕೈ ನಡುಗುವುದಕ್ಕೆ ವರ್ಷಗಳ ಮೊದಲೇ ಅನೇಕರ ವಾಸನೆಯ ಶಕ್ತಿ ಕುಂದುತ್ತದೆ. ನೆಗಡಿ, ಮೂಗಿನ ಗಡ್ಡೆ, ಕೋವಿಡ್, ವಯಸ್ಸು, ಇವೂ ಅದನ್ನು ಕುಂದಿಸಬಲ್ಲವು. ಆದ್ದರಿಂದ ವಾಸನೆ ತಿಳಿಯದಿರುವುದು ತೀರ್ಪಲ್ಲ, ವಿಚಾರಣೆ ಆರಂಭಿಸಲು ಒಂದು ಕಾರಣ ಮಾತ್ರ.

ಮೊದಲ ಶಿಬಿರ ಗುರುಗುಂಟಾದಲ್ಲಿ ಸೋತಿತು. ನಾವು ತರಿಸಿದ್ದ ಸಿದ್ಧ ಕಿಟ್‌ನಲ್ಲಿ ಯಾವ್ಯಾವುದೋ ದೇಶದ ಹಣ್ಣು, ಎಲೆಗಳ ವಾಸನೆಗಳಿದ್ದವು. ಕುರಿ ಸಾಕುವ ಒಬ್ಬ ಅಜ್ಜಿ ಮೂಸಿ, ಸೀಸೆ ಹಿಂದಿರುಗಿಸಿ, “ಇದು ತಿನ್ನೂದೋ, ಮೈಗೆ ಹಚ್ಚೂದೋ, ಅದನ್ನರ ಹೇಳವ್ವ,” ಎಂದಳು. ಮರುವಾರ ಕಿರಾಣಿ ಅಂಗಡಿಯಿಂದಲೇ ನಮ್ಮ ಹತ್ತು ಸೀಸೆಗಳು ತಯಾರಾದವು: ಜೀರಿಗೆ, ಬೆಳ್ಳುಳ್ಳಿ, ಲವಂಗ, ಹುಣಸೆ, ಲೋಬಾನ, ಹೀಗೆ. ಕಣ್ಣು ಮುಚ್ಚಿ ಮೂಸಬೇಕು, ನರ್ಸ್ ಓದುವ ನಾಲ್ಕು ಹೆಸರುಗಳಲ್ಲಿ ಒಂದನ್ನು ಆರಿಸಬೇಕು.

ಗೊರೇಬಾಳದ ಶರಣಪ್ಪ ಸಿಂಧನೂರಿನ ಶಿಬಿರಕ್ಕೆ ಬಂದದ್ದು ತಾನಾಗಿ ಅಲ್ಲ. ಊರಿನ ರೈತರು ಕೂಡಿ ಇಟ್ಟುಕೊಂಡಿದ್ದ ಬಿತ್ತನೆ ಭತ್ತದ ಗೋದಾಮಿನಲ್ಲಿ ಅವರು ಇಪ್ಪತ್ತು ವರ್ಷಗಳಿಂದ ಪಾರಖಿ, ಅಂದರೆ ಬೀಜದ ಗುಣ ನೋಡಿ ಒಪ್ಪುವವರು, ಆಗಿದ್ದರು. ಚೀಲದಿಂದ ಒಂದು ಹಿಡಿ ತೆಗೆದು ಮೂಸುವರು, ನಾಲ್ಕು ಕಾಳು ಕಡಿಯುವರು. ಕಾಳು ಹಲ್ಲಿನಡಿ ಕಟ್ಟೆಂದು ಮುರಿದರೆ ಒಣಗಿದೆ ಎಂದರ್ಥ. ಆದರೆ ಒಮ್ಮೆ ನೆನೆದು ಮತ್ತೆ ಒಣಗಿದ ಭತ್ತವೂ ಕಟ್ಟೆನ್ನುತ್ತದೆ. ಅದರ ಮುಗ್ಗು ವಾಸನೆ ಮೂಗಿಗಷ್ಟೇ ಗೊತ್ತು. ಆ ಹಂಗಾಮಿನಲ್ಲಿ ಅವರು ಒಪ್ಪಿದ ಕೆಲವು ಚೀಲಗಳು ಮುಗ್ಗಿದ್ದವು. ಹನುಮಂತಪ್ಪ ಎಂಬ ರೈತರ ಹೊಲದಲ್ಲಿ ಸಸಿ ಏಳಲಿಲ್ಲ. ಶರಣಪ್ಪ ಬೇಕಂತಲೇ ಯಾರದೋ ಕೆಟ್ಟ ಬೀಜ ಒಳಗೆ ಬಿಟ್ಟರೆಂಬ ಮಾತು ಹುಟ್ಟಿತು. ಮೂಗು ತೋರಿಸಿಕೊಂಡು ಬಾ ಎಂದು ರೈತರು ಅವರನ್ನು ಕಳಿಸಿದ್ದರು.

ಶರಣಪ್ಪ ಹತ್ತರಲ್ಲಿ ಒಂಬತ್ತು ಸರಿಯಾಗಿ ಹೇಳಿದರು. ಹೆಂಡತಿ ಈರಮ್ಮ ಅವರ ಬೆನ್ನ ಹಿಂದೆ ನಿಂತಿದ್ದರು. ‘ವಾಸನೆಯ ಶಕ್ತಿ ಸಹಜವಾಗಿದೆ’ ಎಂದು ಚೀಟಿ ಬರೆದು ಸಹಿ ಹಾಕಿದೆ. ಅವರಿಗೆ ನ್ಯಾಯ ಒದಗಿಸಿದೆನೆಂದೇ ಭಾವಿಸಿದ್ದೆ.

ನಾಲ್ಕು ದಿನಗಳ ನಂತರ ಈರಮ್ಮ ಒಬ್ಬರೇ ಬಸ್ಸಿನಲ್ಲಿ ಮಸ್ಕಿಗೆ ಬಂದರು. ಚೀಟಿ ಓದಿದ ಹನುಮಂತಪ್ಪ, “ಮೂಗು ನೆಟ್ಟಗೈತಿ ಅಂದಮ್ಯಾಲ ಮನಸ್ಸ ಸೊಟ್ಟಗೈತಿ,” ಎಂದಿದ್ದರಂತೆ. ಸೋಮವಾರದ ಸಭೆಯಲ್ಲಿ ಶರಣಪ್ಪನವರನ್ನು ಕಳ್ಳನೆಂದು ಕರೆದು ತೆಗೆದುಹಾಕುವುದು ಖಚಿತವಾಗಿತ್ತು.

“ತಪ್ಪು ನಂದ್ರಿ ಮೇಡಂ. ಸಿಸ್ಟರ್ ಖರೇ ಹೆಸರು ಓದಿದಾಗ ನಾ ಕೈಯಾಗಿನ ಬಳಿ ಸಪ್ಪಳ ಮಾಡೀನಿ,” ಎಂದರು ಈರಮ್ಮ. “ಸೀಸೆ ನಿಮ್ಮ ಮುಂದಿರಲಿಲ್ಲವಲ್ಲ?” ಎಂದೆ. ಅವರಿಗೆ ನಗು ಬಂತು. “ಲೋಬಾನ ಓಣಿ ತುದೀಗೂ ಬಡೀತೈತಿ. ಜೀರಗಿ ಅಡಗಿ ಮಾಡಾಕಿಗೆ ತಿಳಿಯಂಗಿಲ್ಲೇನ್ರಿ? ಬಿಚ್ಚಿ ಹೇಳ್ತೀನಿ, ಎರಡು ವರ್ಷದಿಂದ ಅವರ ಮೂಗು ನಾನ ಆಗೀನಿ. ಬುತ್ತಿ ಕೊಡಾಕ ಹೋದಾಗ ಗೋದಾಮಿನ ಚೀಲಾನೂ ನಾನ ಮೂಸೀನಿ. ಮಗಳ ಬಾಣಂತನಕ್ಕ ಎರಡು ತಿಂಗಳು ಲಿಂಗಸುಗೂರಾಗ ಕುಂತೆ. ಆವಾಗ ಬಂದ ಚೀಲ ಅವು.”

ಬೇರೇನಾದರೂ ಬದಲಾವಣೆ ಕಂಡಿದ್ದೀರಾ ಎಂದು ಕೇಳಿದೆ. ಶಿಬಿರದಲ್ಲೇ ಕೇಳಬೇಕಿದ್ದ ಪ್ರಶ್ನೆ ಅದು. “ನಿದ್ದ್ಯಾಗ ಎತ್ತು ಹೊಡದಂಗ ಕೈ ಬೀಸ್ತಾರ, ಒದೀತಾರ. ನಾ ಈಗ ನೆಲದ ಮ್ಯಾಲ ಮಲಗ್ತೀನಿ. ಅಂಗಿ ಗುಂಡಿ ಹಾಕ್ಕೊಳ್ಳಾಕ ತಾಸು ಮಾಡ್ತಾರ.”

ಮರುದಿನ ಶರಣಪ್ಪನವರನ್ನು ಕರೆಸಿ, ಈರಮ್ಮನವರನ್ನು ಹೊರಗೆ ಕೂಡಿಸಿ, ಸೀಸೆಗಳನ್ನು ಮತ್ತೆ ಮೂಸಿಸಿದೆ. ಹತ್ತರಲ್ಲಿ ಎರಡು. ನಡೆಯುವಾಗ ಬಲಗೈ ಬೀಸುತ್ತಿರಲಿಲ್ಲ. ಸಹಿ ಹಾಕಿಸಿದರೆ ಅಕ್ಷರಗಳು ಕೊನೆಗೆ ಇರುವೆಯಷ್ಟಾದವು.

“ನನಗ ಗೊತ್ತಿತ್ರಿ,” ಎಂದರು ಅವರು ತಲೆ ತಗ್ಗಿಸಿ. “ಮೂಗಿಲ್ಲದ ಪಾರಖಿ ಅಂತ ನಗ್ತಾರಂತ ಬಾಯಿ ಮುಚ್ಚಿದ್ದೆ.”

ರಾಯಚೂರಿನ ನರರೋಗ ತಜ್ಞರು ಕೂಲಂಕಷವಾಗಿ ಪರೀಕ್ಷಿಸಿ, ಪಾರ್ಕಿನ್ಸನ್ ಆರಂಭದ ಹಂತದಲ್ಲಿದೆ ಎಂದರು. ಮೂಲದಿಂದ ಗುಣಪಡಿಸುವ ಔಷಧ ಇನ್ನೂ ಇಲ್ಲ. ಆದರೆ ಮಾತ್ರೆ ಮತ್ತು ನಿತ್ಯದ ವ್ಯಾಯಾಮದಿಂದ ಬಹುಕಾಲ ಚೆನ್ನಾಗಿ ಬಾಳಬಹುದು ಎಂಬುದನ್ನು ದಂಪತಿಗೆ ಬಿಡಿಸಿ ಹೇಳಿದೆವು.

ಸೋಮವಾರ, ಶರಣಪ್ಪನವರ ಒಪ್ಪಿಗೆ ಪಡೆದು ಗೊರೇಬಾಳದ ಸಭೆಗೆ ಹೋದೆ. ಅಷ್ಟು ಸ್ಪರ್ಧೆಗಳಲ್ಲಿ ಮಾತನಾಡಿದ್ದರೂ ನನ್ನದೇ ಹೇಳಿಕೆಯ ವಿರುದ್ಧ ಎಂದೂ ಎದ್ದು ನಿಂತವಳಲ್ಲ. “ನನ್ನ ಚೀಟಿ ತಪ್ಪು. ಪರೀಕ್ಷೆಯನ್ನು ನಾನು ಸರಿಯಾಗಿ ನಡೆಸಲಿಲ್ಲ. ಇವರಿಗೆ ವಾಸನೆ ತಿಳಿಯದಿರುವುದು ಕಾಯಿಲೆಯಿಂದ,” ಎಂದೆ. ನಂತರ ಶರಣಪ್ಪ ಎದ್ದರು. “ಮುಚ್ಚಿಟ್ಟಿದ್ದು ನನ್ನ ತಪ್ಪು. ಕಳ್ಳತನ ಮಾಡಿಲ್ಲ.”

ಹನುಮಂತಪ್ಪ, “ಹಂಗಾರ ಎರಡು ವರ್ಷ ನಮ್ಮ ಬೀಜ ಕಾದಾಕಿ ಈರಮ್ಮ ಏನು?” ಎಂದು ಕೇಳಿದರು. ಶರಣಪ್ಪನವರನ್ನು ತೆಗೆದುಹಾಕುವ ಮಾತು ಅಲ್ಲಿಗೇ ನಿಂತಿತು.

ಮುಂದಿನ ಹಂಗಾಮಿನಲ್ಲಿ ಗೋದಾಮಿಗೆ ಹೋದಾಗ ಅಲ್ಲಿ ಎರಡು ಕುರ್ಚಿಗಳಿದ್ದವು. ಹನುಮಂತಪ್ಪ ತಮ್ಮ ಚೀಲದಿಂದ ಒಂದು ಹಿಡಿ ಭತ್ತವನ್ನು ಈರಮ್ಮನವರ ಮುಂದೆ ಹಿಡಿದರು. “ವಾಸನಿ ಛಲೋ ಐತಿ, ಅಣ್ಣಾ,” ಎಂದರು ಅವರು. ಶರಣಪ್ಪ ನಿಧಾನವಾಗಿ ಕಾಳು ಕಡಿದರು. “ಹಲ್ಲಿಗೆ ಮೆತ್ತಗೈತಿ. ಇನ್ನೆರಡು ಬಿಸಿಲು ಬೇಕು.”

“ಮೊದಲ ಒಬ್ರನ್ನ ದಾಟಿದ್ರ ಸಾಕಿತ್ರಿ ಮೇಡಂ,” ಎಂದು ಹನುಮಂತಪ್ಪ ನನ್ನ ಕಡೆ ತಿರುಗಿದರು. “ಈಗ ಇಬ್ರನ್ನ ದಾಟಬೇಕು.” ಚೀಲ ಹೆಗಲಿಗೇರಿಸಿ ಕಣದತ್ತ ನಡೆದರು.

ನಮ್ಮ ಶಿಬಿರದ ಕ್ರಮ ಆ ವರ್ಷವೇ ಬದಲಾಯಿತು. ಸೀಸೆ ತೆರೆಯುವಾಗ ಮನೆಯವರನ್ನು ಹೊರಗೆ ಕೂಡಿಸುತ್ತೇವೆ. ಅದಕ್ಕೂ ಮೊದಲು ಅವರನ್ನು ಒಳಗೆ ಕರೆದು, ಕುರ್ಚಿ ಕೊಟ್ಟು, ಒಂದು ಪ್ರಶ್ನೆ ಕೇಳುತ್ತೇವೆ: ಇವರಿಗಾಗಿ ನೀವು ಈಗ ಯಾವ ಕೆಲಸ ಮಾಡುತ್ತಿದ್ದೀರಿ, ಮೊದಲು ಮಾಡದೇ ಇದ್ದದ್ದು? ರೋಗದ ಮೊದಲ ಸುಳಿವು ಎಷ್ಟೋ ಸಲ ಆ ಉತ್ತರದಲ್ಲೇ ಸಿಕ್ಕಿದೆ.