ಗೋಡೆಯ ಮೇಲಿನ ನೀರು

ಗೋಡೆಗೆ ತೂಗುಹಾಕಿದ ಚಿತ್ರಪಟಗಳಿಗೆ ಓರೆಯಾಗುವ ಚಪಲ ಏಕೆ ಅಂಟಿಕೊಂಡಿದೆಯೋ ನಾನರಿಯೆ. ಕ್ಯಾಲೆಂಡರು ಗಾಳಿಗೆ ಹಾರಾಡುತ್ತದೆ, ಅದು ಅದರ ಸ್ವಭಾವ. ಗಡಿಯಾರ ನೆಟ್ಟಗೆ ನಿಂತು ತಪ್ಪು ಸಮಯ ತೋರಿಸುತ್ತದೆ, ಅದನ್ನೂ ಕ್ಷಮಿಸಬಹುದು. ಆದರೆ ನಮ್ಮ ನಡುಮನೆಯ ಕಿಟಕಿಯ ಪಕ್ಕದಲ್ಲಿರುವ ನೀರಿನ ಚಿತ್ರವೊಂದಿದೆಯಲ್ಲ, ಅದನ್ನು ನಾನು ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವ ಮುನ್ನ ಎರಡೂ ಕೈಯಲ್ಲಿ ಹಿಡಿದು, ಒಂದು ಹೆಜ್ಜೆ ಹಿಂದೆ ಸರಿದು, ತಲೆ ವಾರೆ ಮಾಡಿ ನೋಡಿ ನೇರಗೊಳಿಸಿದರೂ, ಮರುದಿನ ಬೆಳಗಾಗುವಷ್ಟರಲ್ಲಿ ಬಲಗಡೆಗೆ ತುಸು ವಾಲಿಕೊಂಡು ನನ್ನನ್ನೇ ಅಣಕಿಸುತ್ತಿರುತ್ತಿತ್ತು. ವರ್ಷಗಟ್ಟಲೆ ನಾನು ಅಪರಾಧಿಯನ್ನು ಹುಡುಕಿದ್ದೇನೆ. ಮೊದಲು ಹಲ್ಲಿಯ ಮೇಲೆ ಗುಮಾನಿ, ಆಮೇಲೆ ಹೆದ್ದಾರಿಯಲ್ಲಿ ಗೋಡೆ ನಡುಗಿಸಿಕೊಂಡು ಹೋಗುವ ಲಾರಿಗಳ ಮೇಲೆ, ಕೊನೆಗೆ ಮನೆಗೆಲಸದ ತಿಪ್ಪಮ್ಮನ ಪೊರಕೆಯ ಮೇಲೆ. ತಿಪ್ಪಮ್ಮ ಆಪಾದನೆಯನ್ನು ಒಪ್ಪಲೂ ಇಲ್ಲ, ಪೊರಕೆಯ ವೇಗ ತಗ್ಗಿಸಲೂ ಇಲ್ಲ.

ಚಿತ್ರದುರ್ಗದಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಊರಿನ ಅರ್ಧ ಮೂಗುಗಳ ಅಳತೆ ನನಗೆ ಬಾಯಿಪಾಠ. ಈ ವೃತ್ತಿಗೆ ಅಂಟಿಕೊಂಡ ಪ್ರವೃತ್ತಿಯೆಂದರೆ ಭೂದೃಶ್ಯಗಳ ಛಾಯಾಗ್ರಹಣ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯೊಂದನ್ನೇ ಬಂಡವಾಳ ಮಾಡಿಕೊಂಡ ಕಲೆ ಅದು. ಅಂಗಡಿಗೆ ರಜೆಯಿರುವ ದಿನ ಬೆಳಕು ಹರಿಯುವ ಮುಂಚೆಯೇ ನಾನು ಕ್ಯಾಮೆರಾ ಹಿಡಿದು, ನನ್ನ ಹೆಂಡತಿ ವನಜಾ ತನ್ನ ಕ್ಯಾಮೆರಾದ ಜೊತೆಗೆ ಚಿತ್ರಾನ್ನದ ಡಬ್ಬಿಯನ್ನೂ ಹಿಡಿದು ಹೊರಡುತ್ತಿದ್ದೆವು. ನನ್ನ ಟ್ರೈಪಾಡಿನ ತಲೆಯ ಮೇಲೆ ಗಾರೆಯವರ ರಸಮಟ್ಟದಂಥ ಒಂದು ಪುಟ್ಟ ಗುಳ್ಳೆಯಿದೆ. ಅದು ನಡುವಿಗೆ ಬಂದು ನಿಲ್ಲುವತನಕ ನಾನು ಗುಂಡಿ ಒತ್ತುವವನಲ್ಲ. ಅಷ್ಟರಲ್ಲಿ ಸೂರ್ಯ ಹುಟ್ಟಿ, ಏರಿ, ಬಿಸಿಲಾಗಿ, ಚಿತ್ರಾನ್ನ ಖಾಲಿಯಾಗಿರುತ್ತಿತ್ತು.

ವನಜಾ ಕುಂದಾಪುರದ ಕಡೆಯವಳು, ಅಲೆಯ ಸದ್ದಿನಲ್ಲೇ ನಿದ್ದೆ ಕಲಿತವಳು. ನನ್ನನ್ನು ಮದುವೆಯಾಗಿ ಬಂಡೆ, ಬಯಲು, ಗಾಳಿಯ ಈ ಸೀಮೆಗೆ ಬಂದಾಗ ಅವಳು ಬೇರೇನನ್ನೂ ಆಕ್ಷೇಪಿಸಲಿಲ್ಲ; ರಾತ್ರಿ ತೀರಾ ನಿಶ್ಶಬ್ದ ಎಂದಳು, ಅಷ್ಟೇ. ಹೀಗಾಗಿ ನಮ್ಮೊಳಗೆ ಒಂದು ಅಲಿಖಿತ ಒಪ್ಪಂದವಿತ್ತು. ಮಳೆ ಮುಗಿದ ಮೇಲೆ ಒಮ್ಮೆ ಕಡಲು, ಉಳಿದ ದಿನಗಳಲ್ಲಿ ಬಯಲು. ಕಡಲಿಗೆ ಹೊರಟಾಗ ಹೊಳಲ್ಕೆರೆ ದಾಟಿದೊಡನೆ ಅವಳು ಕಾರಿನ ಗಾಜು ಇಳಿಸಿ ಉಪ್ಪುಗಾಳಿಗಾಗಿ ಮೂಗರಳಿಸುತ್ತಿದ್ದಳು. ಸಮುದ್ರ ಇನ್ನೂ ಶಿವಮೊಗ್ಗದಾಚೆ, ಘಟ್ಟದಾಚೆ ಇದೆಯೆಂದು ನಾನು ಭೂಗೋಳದ ಪಾಠ ಹೇಳಿದರೆ, ಮೂಗಿಗೆ ಭೂಗೋಳ ಯಾಕೆ ಬೇಕು ಎನ್ನುತ್ತಿದ್ದಳು. ಹಿಂತಿರುಗುವಾಗ ಅದೇ ಹೊಳಲ್ಕೆರೆಯ ಬಳಿ, ಗುಡ್ಡದ ನೆತ್ತಿಯ ಗಾಳಿಯಂತ್ರಗಳು ಕಂಡೊಡನೆ, ನಾನು ಸೀಟಿನಲ್ಲಿ ನೆಟ್ಟಗಾಗುತ್ತಿದ್ದೆ. ಅವಳು ಗಾಜು ಏರಿಸುತ್ತಿದ್ದಳು.

ಬಯಲಿನಲ್ಲಿ ಚಿತ್ರ ತೆಗೆಯುವುದು ನಮ್ಮ ಜನಕ್ಕೆ ಇಂದಿಗೂ ವಿಚಿತ್ರ. ಒಮ್ಮೆ ಜವನಗೊಂಡನಹಳ್ಳಿಯ ಆಚೆ ನಾನು ಗುಳ್ಳೆಯನ್ನು ನಡುವಿಗೆ ತರುವ ತಪಸ್ಸಿನಲ್ಲಿದ್ದಾಗ ಕುರಿಮಂದೆಯೊಂದು ದೃಶ್ಯದೊಳಕ್ಕೆ ಹರಿದುಬಂತು. ಕುರಿಯಜ್ಜ ಕೋಲಿಗೆ ಗದ್ದವೂರಿ ನಮ್ಮನ್ನು ಸಾವಕಾಶವಾಗಿ ನೋಡಿ, "ಅಲ್ರೀ, ಇಲ್ಲೇನೈತೆ ಅಂತ ತೆಗೀತೀರಿ? ಕುರಿ ತೆಗೀರಿ, ಚೆಂದಾಗವೆ" ಎಂದ. ಕುರಿ ಬೇಡ, ಬರೀ ಬಯಲು ಬೇಕು ಎಂದೆ. "ಹಂಗಾರೆ ಕುಂತ್ಕಳ್ರಿ, ಇವು ಹೋಗಾ ತಂಕ" ಎಂದು ತಾನೂ ಕುಳಿತ. ಕುರಿಗಳಿಗೂ ಅವಸರವಿರಲಿಲ್ಲ. ವನಜಾ ಕುರಿಗಳನ್ನೇ ತೆಗೆದಳು. ಆ ದಿನದ ಚಿತ್ರಗಳಲ್ಲಿ ನೋಡುವಂತಿದ್ದುದು ಅವಳದೇ ಎಂಬುದನ್ನು ಇಲ್ಲಿ ಬರೆದರೂ ಮನೆಯಲ್ಲಿ ಹೇಳಿಲ್ಲ.

ಈಗ ಗೋಡೆಯ ಚಿತ್ರಕ್ಕೆ ಬರೋಣ. ಸರ್ಕಾರಿ ಹೆಸರಿನಲ್ಲಿ ಸಾಗರವೆನಿಸಿಕೊಂಡ ನಮ್ಮ ಮಾರಿಕಣಿವೆ ಜಲಾಶಯ ಎಷ್ಟೋ ಕಾಲದ ಮೇಲೆ ತುಂಬಿ ಕೋಡಿ ಬಿದ್ದ ವರ್ಷ, ಇಡೀ ಜಿಲ್ಲೆ ಹಿರಿಯೂರಿನ ಕಡೆ ನುಗ್ಗಿ ಅಣೆಕಟ್ಟಿನ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದಾಗ, ನಾವು ಜಾಣರಾಗಿ ಹೊಸದುರ್ಗದ ಕಡೆಯಿಂದ, ಮತ್ತೋಡಿನ ಹಾದಿ ಹಿಡಿದು, ಹಿನ್ನೀರಿನ ಅಂಚಿಗೆ ಹೋದೆವು. ಹಿಂದಿನ ಸಲ ರಾಗಿ ಕಂಡಿದ್ದ ಜಾಗದಲ್ಲಿ ನೀರು. ಆಚೆ ದಡ ಮಂಜಿನಲ್ಲಿ ಅಳಿಸಿಹೋಗಿತ್ತು. ಗಾಳಿ ಎದ್ದು, ಸಣ್ಣ ಅಲೆಯೊಂದು ಬಂದು ವನಜಾಳ ಪಾದ ಮುಟ್ಟಿ ಹಿಂದೆ ಸರಿಯಿತು. ಅವಳು ಚಪ್ಪಲಿ ಬಿಟ್ಟು ಅಲ್ಲೇ ನಿಂತಳು. "ಇದಕ್ಕೂ ಸಾಗರ ಅಂತಲೇ ಹೆಸರಿಟ್ಟಿದ್ದಾರಲ್ಲ, ಪಾಪ" ಎಂದಳು. ಪಾಪ ಅಂದದ್ದು ನೀರಿಗೋ, ಹೆಸರಿಟ್ಟವರಿಗೋ, ತನಗೋ ತಿಳಿಯಲಿಲ್ಲ. ಕಣ್ಣು ತುಂಬಿತ್ತು, ಮುಖ ನಗುತ್ತಿತ್ತು. ನಾನು ಟ್ರೈಪಾಡು ಬಿಚ್ಚಲಿಲ್ಲ. ಕ್ಯಾಮೆರಾವನ್ನು ನೀರಿನ ಕಡೆಗೆ ಹಿಡಿದು, ಅವಳನ್ನೇ ನೋಡುತ್ತ, ಗುಂಡಿ ಒತ್ತಿದೆ. ಆ ಚಿತ್ರವೇ ದೊಡ್ಡದಾಗಿ ಗೋಡೆ ಸೇರಿತು. ಬಂದವರೆಲ್ಲ ಯಾವ ಬೀಚು ಎಂದು ಕೇಳುತ್ತಾರೆ. ವನಜಾ ಒಮ್ಮೆಯೂ ತಿದ್ದಲಿಲ್ಲ.

ಕಳೆದ ದೀಪಾವಳಿಯ ಮರುವಾರ ಅವಳ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆರೈಕೆಗೆಂದು ವನಜಾ ಹೋದಳು. ಅಕ್ಕನ ಮನೆಯ ಹಿತ್ತಿಲು ದಾಟಿದರೆ ಕಡಲು. ಸಂಕ್ರಾಂತಿಯ ಹೊತ್ತಿಗೆ ಅಕ್ಕ ಕೋಲೂರಿ ನಡೆದರು, ಶಿವರಾತ್ರಿಯ ಹೊತ್ತಿಗೆ ಕೋಲನ್ನೂ ಬಿಟ್ಟರು. ವನಜಾಳ "ಇನ್ನೊಂದು ವಾರ" ಮಾತ್ರ ಹಾಗೆಯೇ ಮುಂದುವರಿಯಿತು. ದಿನವೂ ಮೊಬೈಲಿಗೆ ಕಡಲಿನ ಚಿತ್ರ ಬರುತ್ತಿತ್ತು. ಮುಂಜಾನೆಯ ಕಡಲು, ದೋಣಿಯ ಕಡಲು, ಯಾರೂ ಇಲ್ಲದ ಕಡಲು. ಎಲ್ಲವೂ ಚೆಂದ. ಅವಳು ಬರುವುದೇ ಇಲ್ಲವೇನೋ ಎಂಬ ಭಯ ನನಗೆ ಹತ್ತಿಕೊಂಡಿತು. ಬಾ ಎಂದು ಕರೆಯಬಹುದಿತ್ತು. ಕರೆದರೆ ಬಂದಾಳು ಕೂಡ. ಆದರೆ ಒಮ್ಮೆ ನನಗಾಗಿ ಕಡಲು ಬಿಟ್ಟು ಬಂದವಳನ್ನು ಎರಡನೆಯ ಸಲ ಬಿಟ್ಟು ಬಾ ಎನ್ನಲು ಯಾವ ಬಾಯಿ? ಅವಳಿಗೇ ಬರಬೇಕೆನಿಸಲಿ ಎಂದು ಕಾದೆ. ರಜೆಯ ದಿನ ಆದಿವಾಲದವರೆಗೆ ಒಬ್ಬನೇ ಹೋಗಿ, ಕಾರಿನಿಂದ ಇಳಿಯದೆ ವಾಪಸಾದೆ. ಪಕ್ಕದಲ್ಲಿ ಚಿತ್ರಾನ್ನದ ಡಬ್ಬಿ ಸದ್ದು ಮಾಡದಿದ್ದರೆ ಬೆಳಕು ನೋಡುವುದಕ್ಕೂ ಬೇಸರ.

ಮೊನ್ನೆ ತಿಪ್ಪಮ್ಮ ಕಸ ಗುಡಿಸುತ್ತ ತಟ್ಟನೆ ನಿಂತು, ಬಹುದಿನದ ಮೊಕದ್ದಮೆ ಗೆದ್ದವಳಂತೆ, "ಅಮ್ಮಾರು ಹೋದಾಗಿಂದ ಫೋಟೋ ನೆಟ್ಟಗೇ ಐತೆ ನೋಡ್ರಿ. ನನ್ ಮ್ಯಾಲೆ ಹೇಳ್ತಿದ್ರಲ್ಲ" ಎಂದಳು.

ಹೌದಲ್ಲ. ಎಷ್ಟು ತಿಂಗಳಿಂದ ನಾನದನ್ನು ಮುಟ್ಟಿಯೇ ಇಲ್ಲ. ಲಾರಿಗಳು ಓಡುತ್ತಿವೆ, ಹಲ್ಲಿಯೂ ಕ್ಷೇಮವಾಗಿದೆ. ಅಂಗಡಿಗೆ ಹೋಗುವುದನ್ನು ಮುಂದೂಡಿ, ವನಜಾ ಸಂಜೆ ಕಾಫಿಯ ಲೋಟ ಹಿಡಿದು ಕೂರುವ ಬೆತ್ತದ ಕುರ್ಚಿಯಲ್ಲಿ ಮೊದಲ ಬಾರಿಗೆ ಕೂತು ನೋಡಿದೆ. ಚೌಕಟ್ಟು ನೆಟ್ಟಗಿತ್ತು. ನೀರು ಓರೆಯಾಗಿತ್ತು. ಎಡಗಡೆಗೆ ತಗ್ಗಿ, ಇನ್ನೇನು ಗೋಡೆಯ ಮೇಲೆ ಚೆಲ್ಲುವಂತಿತ್ತು. ರಸಮಟ್ಟವಿಲ್ಲದೆ, ಹೆಂಡತಿಯ ಮುಖ ನೋಡುತ್ತ ತೆಗೆದ ಚಿತ್ರ ಅದು, ಇನ್ನು ಹೇಗಿದ್ದೀತು! ನಾನು ದಿನವೂ ನೇರ ಮಾಡುತ್ತಿದ್ದುದು ಚೌಕಟ್ಟನ್ನು. ಅವಳು ದಿನವೂ, ಒಂದು ಮಾತೂ ಆಡದೆ, ನೀರನ್ನು ನೇರ ಮಾಡುತ್ತಿದ್ದಳು. ಊರಿಗೆಲ್ಲ ಕನ್ನಡಕ ತೊಡಿಸುವವನ ದೀಪದ ಬುಡದಲ್ಲೇ ಈ ಕತ್ತಲೆ.

ಅವಳು ಬೇಕೆನಿಸಿತು. ಯಾವ ಮುಚ್ಚುಮರೆಯೂ ಇಲ್ಲದೆ, ಹಸಿವಾದಂತೆ ಬೇಕೆನಿಸಿತು. ಎದ್ದುಹೋಗಿ ಚೌಕಟ್ಟನ್ನು ಬಲಗಡೆಗೆ ವಾಲಿಸಿದೆ. ಜೀವಮಾನದಲ್ಲಿ ಬುದ್ಧಿಪೂರ್ವಕವಾಗಿ ನಾನು ಓರೆ ಮಾಡಿದ ಮೊದಲ ವಸ್ತು. ಮೊಬೈಲಿನಲ್ಲಿ ಗೋಡೆಯ ಚಿತ್ರ ತೆಗೆದು, ಒಂದಕ್ಷರವನ್ನೂ ಬರೆಯದೆ ಅವಳಿಗೆ ಕಳಿಸಿದೆ.

ಅಂಗಡಿಯಲ್ಲಿ ಒಬ್ಬರಿಗೆ ಎರಡು ಸಲ ತಪ್ಪು ಗಾಜು ತೋರಿಸಿದೆ. ಸಂಜೆ ಬೀಗ ಹಾಕುವಾಗ ಅವಳ ಧ್ವನಿಯ ಸಂದೇಶ ಬಂತು. ಮೊದಲು ಒಂದಿಷ್ಟು ಅಲೆಗಳ ಸದ್ದು. ಆಮೇಲೆ ಅವಳು: "ಹೆಚ್ಚಾಯ್ತು ಮಾರಾಯ್ರೆ. ಈಗ ನೀರು ಆಚೆ ಬದಿಗೆ ಚೆಲ್ತದೆ. ಇನ್ನು ಮುಟ್ಬೇಡಿ. ನಾನೇ ಬಂದು ಸರಿ ಮಾಡ್ತೇನೆ."

ಅದನ್ನು ಎಷ್ಟು ಸಲ ಕೇಳಿದೆ ಎಂದು ಹೇಳಿ ನಗೆಗೀಡಾಗಲಾರೆ.

ಇವತ್ತು ಬೆಳಿಗ್ಗೆಯೂ ಗೋಡೆಯ ಚಿತ್ರ ಓರೆಯಾಗಿಯೇ ಇತ್ತು, ಬಲಗಡೆಗೆ, ಸ್ವಲ್ಪ ಹೆಚ್ಚಾಗಿಯೇ. ತಿಪ್ಪಮ್ಮ ಪೊರಕೆ ಒರಗಿಸಿ, ಸರಿ ಮಾಡಲೇನ್ರಿ ಎಂದು ಕೈ ಎತ್ತಿದಳು. ಬೇಡ ತಾಯಿ, ಅಮ್ಮಾರು ಬರುತ್ತಾರೆ ಎಂದೆ. ನನ್ನ ಕೈಗಳಿಗೂ ಹಳೆಯ ಅಭ್ಯಾಸ, ಬೆರಳು ತುರಿಸಿದವು. ಎರಡನ್ನೂ ಜೇಬಿಗೆ ತುರುಕಿಕೊಂಡು ಅಂಗಡಿಗೆ ಹೊರಟೆ.