ಉಪ್ಪಲ್ಲ, ಕೆರೆಗೋಡು

ಬಿಡದಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಫುಟ್‌ಬಾಲ್ ಮೈದಾನವನ್ನು ಕೆಂಪಯ್ಯ ಉಪ್ಪು ಹಾಕಿ ಕೊಂದ ಎಂಬ ಮಾತು ೨೦೦೬ರ ಮಳೆಗಾಲದಲ್ಲಿ ಹುಟ್ಟಿತು. ಹೇಳುವವರ ಪ್ರಕಾರ ಉಪ್ಪು ಆರು ಮೂಟೆ. ಗೊಬ್ಬರದ ಚೀಲದಲ್ಲಿ ತುಂಬಿ ತಂದದ್ದು. ಕಾರಣ, ಆ ಮೈದಾನ ಹಿಂದೆ ಅವನದೇ ಹೊಲವಾಗಿದ್ದದ್ದು.

ಹೊಲ ಅವನದಾಗಿತ್ತೆಂಬುದಷ್ಟೇ ನಿಜ. ಕಾರ್ಖಾನೆಗೆ ಹೋದ ಎರಡು ಎಕರೆಯಲ್ಲಿ ಒಂದರ ಮೇಲೆ ಶೆಡ್ಡು ಎದ್ದಿತ್ತು. ಇನ್ನೊಂದರಲ್ಲಿ ಕಾರ್ಮಿಕರ ಆಟಕ್ಕೆಂದು ಹುಲ್ಲು ಬೆಳೆಸಿದ್ದರು. ಆ ಹುಲ್ಲನ್ನು ನೋಡಿಕೊಳ್ಳುವ ಗುತ್ತಿಗೆ ಕೆಲಸವನ್ನು ಕೆಂಪಯ್ಯ ತಾನಾಗಿ ಕೇಳಿ ಪಡೆದಿದ್ದ. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಗೇಟಿನಲ್ಲಿ ಸಹಿ ಮಾಡುವುದರ ಹೊರತು ತನ್ನ ಹೊಲಕ್ಕೆ ಕಾಲಿಡಲು ಬೇರೆ ದಾರಿ ಇರಲಿಲ್ಲ.

ಅವನು ಹಾಕಿದ್ದು ಕೆರೆಗೋಡು. ಆ ಮೇ ತಿಂಗಳಲ್ಲಿ ಊರ ಕೆರೆ ಒಣಗಿತ್ತು. ತಳದಲ್ಲಿ ಹೂಳಾಗಿ ಕೂತ ಕಪ್ಪು ಗೋಡನ್ನು ರೈತರು ಗೊಬ್ಬರವಾಗಿ ಹೊಲಗಳಿಗೆ ಹೊಡೆಯುತ್ತಿದ್ದರು. ಮೈದಾನದ ಹುಲ್ಲು ತುಳಿತಕ್ಕೆ ತೆಳುವಾಗಿತ್ತು. ಆಡಳಿತಾಧಿಕಾರಿ ಅನಂತರಾಜು ಅವರ ಒಪ್ಪಿಗೆ ಪಡೆದು ಕೆಂಪಯ್ಯ ನಲವತ್ತು ಟ್ರ್ಯಾಕ್ಟರ್ ಗೋಡು ತರಿಸಿ, ಹುಲ್ಲಿನ ಮೇಲೆ ಎರಡು ಬೆರಳು ದಪ್ಪ ಹರಡಿಸಿದ. ಅವನೂ ಅವನ ತಂದೆಯೂ ಇದೇ ನೆಲಕ್ಕೆ ಎಷ್ಟೋ ಬೇಸಿಗೆ ಗೋಡು ಹೊಡೆದು ಸೊಂಟದೆತ್ತರದ ರಾಗಿ ಬೆಳೆದವರು. ತನಗೆ ತಿಳಿದ ಅತ್ಯುತ್ತಮವಾದುದನ್ನೇ ಅವನು ಕೊಟ್ಟಿದ್ದ.

ಜೂನ್ ಮಳೆಗೆ ಗೋಡು ಕಲಸಿಕೊಂಡು ಬಿಗಿಯಿತು. ನೀರು ನಾಲ್ಕು ದಿನ ನಿಂತಿತು. ಹುಲ್ಲು ಹಳದಿಯಾಗಿ, ಆಮೇಲೆ ಬೂದಿ ಬಣ್ಣಕ್ಕೆ ತಿರುಗಿತು. ಆಗಸ್ಟ್ ಬಿಸಿಲಿಗೆ ನೆಲ ಒಣಗಿದ ಕೆರೆಯಂತೆಯೇ ಬಿರುಕು ಬಿಟ್ಟಿತು.

ಅದೇ ಕಾರ್ಖಾನೆಗೆ ಜಮೀನು ಕಳೆದುಕೊಂಡಿದ್ದ ಕರಿಯಪ್ಪ ಟೀ ಅಂಗಡಿಯ ಬೆಂಚಿನಲ್ಲಿ ಸರಿದು ಕೆಂಪಯ್ಯನಿಗೆ ಜಾಗ ಬಿಟ್ಟ.

“ಕುಂತ್ಕಳ್ಲಾ. ನಾವೆಲ್ಲ ಆಪೀಸ್ ಸುತ್ತಿ ಚಪ್ಲಿ ಸವೆಸ್ಕಂಡೊ. ನೀನೊಬ್ನೇ ಕಣ್ಲಾ ಗಂಡ್ಸು.”

“ನಾನೇನ್ಲಾ ಮಾಡ್ದೆ?”

“ಹೇಳ್ಬ್ಯಾಡ ಬುಡು, ಟೀ ಕುಡಿ. ಆರು ಮೂಟೆನಾ, ಏಳಾ?”

ಕೆಂಪಯ್ಯ ಟೀ ಕುಡಿದ. ಇಲ್ಲವೆನ್ನಲಿಲ್ಲ.

ಹೀಗೆ ತಿಂಗಳ ಹತ್ತಿರ ನಡೆಯಿತು. ಜಮೀನು ಹೋದ ಮೇಲೆ ಊರಿನಲ್ಲಿ ಯಾರೂ ಅವನಿಗೆ ಸರಿದು ಜಾಗ ಕೊಟ್ಟಿರಲಿಲ್ಲ. ಮೂವತ್ತು ವರ್ಷ ಉತ್ತೂ ಗೋಡನ್ನು ಎಲ್ಲಿ ಹಾಕಬಾರದೆಂದು ತಿಳಿಯದವನು ಎನಿಸಿಕೊಳ್ಳುವುದಕ್ಕಿಂತ ಸೇಡು ತೀರಿಸಿಕೊಂಡವನು ಎನಿಸಿಕೊಳ್ಳುವುದು ಅವನಿಗೆ ಸುಲಭವಾಗಿತ್ತು. ಆದರೆ ಅದೇ ಮಾತು ಕಾರ್ಖಾನೆಯೊಳಕ್ಕೂ ಹೋಯಿತು. ಗೋಡಿನಿಂದ ಹುಲ್ಲು ಸಾಯಬಹುದೆಂದು ಅಲ್ಲೂ ಯಾರಿಗೂ ಹೊಳೆದಿರಲಿಲ್ಲ. ಉಪ್ಪಿನ ವಿಷಯ ನಿಜವಾದರೆ ಗುರುತಿನ ಚೀಟಿ ವಾಪಸು ಕೊಡಬೇಕಾಗುತ್ತದೆ ಎಂದು ಅನಂತರಾಜು ಹೇಳಿ ಕಳುಹಿಸಿದರು. ಕೆಂಪಯ್ಯ ಮಾರನೆಯ ದಿನವೂ ಟೀ ಅಂಗಡಿಯ ಬೆಂಚಿಗೇ ಹೋದ.

ಕೊನೆಗೆ ಕೇಳಿದವಳು ಹೆಂಡತಿ ಅಂಕಮ್ಮ, ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತ.

“ದಿಟ ಹೇಳು. ಹಾಕ್ದ್ಯಾ ಉಪ್ಪ?”

“ನೀನೂ ಕೇಳ್ತೀಯಲ್ಲೇ!”

“ಊರೆಲ್ಲ ಅಂತೈತೆ. ನೀನು ಇಲ್ಲ ಅಂದಿದ್ದ ನಾನಂತೂ ಕೇಳಿಲ್ಲ. ನಮ್ಮತ್ತೆ ಕಳೆ ಕಿತ್ತ ನೆಲ ಅದು. ಅದ್ಕೆ ಉಪ್ಪು ಹಾಕ್ದೋನ್ಗೆ ನಾನು ಹಿಟ್ಟು ಇಕ್ಕಾಕಿಲ್ಲ.”

ಮಾರನೆಯ ಬೆಳಿಗ್ಗೆ ಕೆಂಪಯ್ಯ ಅನಂತರಾಜು ಅವರ ಮೇಜಿನ ಮುಂದೆ ನಿಂತ. “ಉಪ್ಪಲ್ಲ ಸಾ, ಗೋಡು. ನೀವು ರುಜು ಹಾಕಿದ್ರಿ. ಆದ್ರೆ ಹೇಳಿದ್ದು ನಾನು. ತಪ್ಪು ನಂದೇ.”

“ಮತ್ತೆ ಇಷ್ಟು ದಿನ ಯಾಕ್ರೀ ಸುಮ್ಮನಿದ್ರಿ?”

“ಮೈದಾನ ನಾನೇ ಸರಿ ಮಾಡ್ಕೊಡ್ತೀನಿ ಸಾ,” ಎಂದ ಕೆಂಪಯ್ಯ. ಡಿಸೆಂಬರಿನಲ್ಲಿ ಕಾರ್ಖಾನೆಗಳ ನಡುವಿನ ಪಂದ್ಯವಿತ್ತು. ಅಷ್ಟರೊಳಗೆ ಮೈದಾನ ಆಟಕ್ಕೆ ಬಾರದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದರು ಅನಂತರಾಜು.

ಅಂದೇ ಅವನು ಮೈದಾನವನ್ನು ಸುತ್ತಿ ನೋಡಿದ. ಗೋಲಿನ ಬಲೆಯನ್ನು ಬಿಗಿಯುವ ಗೂಟಗಳನ್ನು ಕಿತ್ತ ತೂತುಗಳ ಸುತ್ತ ಮಾತ್ರ ಅಂಗೈಯಗಲ ಹಸಿರು ಉಳಿದಿತ್ತು. ಬೇರೆಡೆ ಗುದ್ದಲಿಯಿಂದ ಒಂದು ಹೆಂಟೆ ಎತ್ತಿದ: ಮೇಲೆ ಕಪ್ಪು ಗೋಡು, ಕೆಳಗೆ ಕೆಂಪು ಮಣ್ಣು, ನಡುವೆ ಕೊಳೆತ ಬೇರು. ಹೊಲದಲ್ಲಿ ಗೋಡಿನ ಹಿಂದೆಯೇ ನೇಗಿಲು ಬಂದು ಅದನ್ನು ಮಣ್ಣಿನೊಡನೆ ಬೆರೆಸುತ್ತದೆ. ಇಲ್ಲಿ ಅದರ ಹಿಂದೆ ಬಂದದ್ದು ಬೂಟುಗಳು ಮತ್ತು ರೋಲರ್. ಬೇರುಗಳಿಗೆ ಗಾಳಿಯಿಲ್ಲದಂತೆ ಅವನು ಮುಚ್ಚಳ ಹಾಕಿದ್ದ.

ಗೂಟದ ತೂತುಗಳಂತೆ ಗಾಳಿಯಾಡಲೆಂದು ಹಾರೆಯಿಂದ ಚುಚ್ಚಿ ನೋಡಿದರೆ ಮಣ್ಣು ಪಕ್ಕಕ್ಕೆ ಒತ್ತಿಕೊಂಡು ಇನ್ನಷ್ಟು ಬಿಗಿಯುತ್ತಿತ್ತು. ಮಣ್ಣು ಹೊರಗೆ ಬರಬೇಕಿತ್ತು. ಆಗ ನೆನಪಾದದ್ದು ಮಂಡಿಯ ವರ್ತಕರು ಮೂಟೆಗೆ ಚುಚ್ಚಿ ರಾಗಿಯ ಮಾದರಿ ತೆಗೆಯುವ ಕೊಳವೆ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಯಂತ್ರಗಳನ್ನು ರಿಪೇರಿ ಮಾಡುವ ಶರೀಫ್‌ಗೆ ಹೇಳಿ, ಕಬ್ಬಿಣದ ಪೈಪಿನ ತುದಿಯನ್ನು ಹರಿತಗೊಳಿಸಿ, ಕಾಲಿನಿಂದ ತುಳಿಯಲು ಅಡ್ಡಪಟ್ಟಿ ಬೆಸೆದ ನಾಲ್ಕು ಕೊಳವೆ ಮಾಡಿಸಿದ.

“ಏನ್ ಕೆಂಪಣ್ಣ, ನೆಲಕ್ಕೆ ಇಂಜೆಕ್ಷನ್ನಾ?” ಎಂದ ಶರೀಫ್.

“ಊಂ ಸಾಬ್ರೆ. ಜ್ವರ ಬರ್ಸಿದ್ದೂ ನಾನೇ.”

ಸೆಪ್ಟೆಂಬರಿನಿಂದ ಎರಡು ತಿಂಗಳು ಮೈದಾನದ ಕೂಲಿಗೆ ಬರುತ್ತಿದ್ದ ಮಾರಕ್ಕ ಮತ್ತು ಇನ್ನೂ ಮೂವರು ಹೆಂಗಸರು ಗೇಣಿಗೊಂದರಂತೆ ತೂತು ಹೊಡೆದರು. ಹೊರಬಂದ ಗೋಡಿನ ತುಂಡುಗಳನ್ನು ಬುಟ್ಟಿಯಲ್ಲಿ ಹೊತ್ತು ಬೇಲಿಯಾಚೆ ಸುರಿದರು. ತೂತು ತುಂಬಲು ಮರಳಿನ ಜೊತೆ ಕೊಳೆತ ಗೊಬ್ಬರ ಬೇಕಿತ್ತು. ಅಂಕಮ್ಮ ರೇಷ್ಮೆ ಹುಳದ ಹಿಕ್ಕೆಯನ್ನು ವರ್ಷವಿಡೀ ಗುಂಡಿಯಲ್ಲಿ ಕೊಳೆಸಿ ತನ್ನ ಹಿಪ್ಪುನೇರಳೆ ತೋಟಕ್ಕೆ ಹಾಕುತ್ತಿದ್ದವಳು. “ಒಸಿ ಕೊಡ್ತೀನಿ. ಜರಡಿ ಹಿಡ್ದು ಹಾಕು, ಮತ್ತೆ ದಪ್ಪಕ್ ಬಳೀಬ್ಯಾಡ,” ಎಂದು ಗುಂಡಿಯ ಅರ್ಧ ಕೊಟ್ಟಳು. ಎರಡು ಪಾಲು ಮರಳು, ಒಂದು ಪಾಲು ಗೊಬ್ಬರ ಬೆರೆಸಿ ಕಡ್ಡಿಪೊರಕೆಯಿಂದ ತೂತುಗಳಿಗೆ ಗುಡಿಸಿದರು. ಮೇಲೆ ಉಳಿಯುವ ಪದರ ಹುಲ್ಲಿನ ತುದಿಯನ್ನು ಮುಚ್ಚಬಾರದೆಂಬುದು ಕೆಂಪಯ್ಯ ಮಾಡಿದ ನಿಯಮ.

ಉಪ್ಪಲ್ಲ, ಗೋಡು ಎಂದು ಟೀ ಅಂಗಡಿಯಲ್ಲೂ ಅವನೇ ಹೇಳಿದ. ಕರಿಯಪ್ಪ ಲೋಟ ಕೆಳಗಿಟ್ಟ.

“ಥೂ, ಗೋಡಾ? ಉಪ್ಪು ಅಂತ್ಲೇ ಇರ್ಲಿ ಬುಡ್ಲಾ, ಮರ್ವಾದಿ ಉಳೀತೈತೆ.”

“ಮರ್ವಾದಿ ಉಳೀತೈತೆ. ಹುಲ್ಲು ಬರಾಕಿಲ್ಲ ಕಣ್ಲಾ.”

ಆಮೇಲೆ ಬೆಂಚಿನಲ್ಲಿ ಯಾರೂ ಸರಿಯಲಿಲ್ಲ.

ಪಂದ್ಯದ ಹಿಂದಿನ ಮಧ್ಯಾಹ್ನ ಜೋರು ಮಳೆಯಾಯಿತು. ಒಂದು ಗಂಟೆಯಲ್ಲಿ ನೀರು ಇಂಗಿತು. ಹುಲ್ಲು ಪೂರ್ತಿ ಬಂದಿರಲಿಲ್ಲ. ಎರಡೂ ಗೋಲುಗಳ ಮುಂದೆ ಮಣ್ಣು ಕಾಣುತ್ತಿತ್ತು. ಆಟ ನಡೆಯಿತು. ಅನಂತರಾಜು ಗುರುತಿನ ಚೀಟಿ ವಾಪಸು ಕೇಳಲಿಲ್ಲ.

ಈಗ ೨೦೦೯. ಕೆಂಪಯ್ಯ ಇನ್ನೂ ಗುತ್ತಿಗೆಯಲ್ಲೇ ಇದ್ದಾನೆ. ಅದು ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ. ಮಳೆಗಾಲದ ಕೊನೆಗೆ ಪ್ರತಿ ವರ್ಷ ಕೊಳವೆಗಳು ಹೊರಬರುತ್ತವೆ. ಗೋಡಿನ ಪದರ ಪೂರ್ತಿ ಹೋಗಿಲ್ಲ; ಗುದ್ದಲಿ ಹಾಕಿದರೆ ಕಪ್ಪು ಗೆರೆಯಾಗಿ ಕಾಣುತ್ತದೆ, ಬೇರುಗಳು ಅದನ್ನು ದಾಟಿ ಇಳಿದಿವೆ. ಟೀ ಅಂಗಡಿಯಲ್ಲಿ ಹೊಸಬರಿಗೆ ಹೇಳುವುದು ಈಗಲೂ ಉಪ್ಪಿನ ಕಥೆಯನ್ನೇ, ಮೂಟೆ ಹತ್ತಾಗಿದೆ. ಕೆಂಪಯ್ಯ ಅಲ್ಲಿದ್ದರೆ ಗೋಡು ಎಂದು ತಿದ್ದುತ್ತಾನೆ.