ಜೋಳದ ಡಬ್ಬಿಯಲ್ಲಿಟ್ಟ ಧ್ವನಿ

ಮೊನ್ನೆ ಜೋಳದ ಡಬ್ಬಿಯ ಮುಚ್ಚಳ ತೆಗೆದೆ. ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಮುಖಕ್ಕೆ ಹೊಡೆಯಿತು. ಹುಳ ಬೀಳಬಾರದೆಂದು ಕಾಳಿಗೆ ಹಾಕುವ ಗುಳಿಗೆಯ ವಾಸನೆ ಅದು. ನಾನು ಆ ಗುಳಿಗೆ ಹಾಕುವುದನ್ನು ಬಿಟ್ಟು ಹನ್ನೆರಡು ವರ್ಷವಾಯಿತು. ಈ ಸಲ ಸೊಸೆ ಅಂಗಡಿಯವನ ಮಾತು ಕೇಳಿ, ನನಗೆ ಹೇಳದೆ ಹಾಕಿಬಿಟ್ಟಿದ್ದಳು. ಬೈಯಬೇಕೆಂದುಕೊಂಡೆ. ಬೈಯದೆ ಡಬ್ಬಿಯ ಮುಂದೆ ಹಾಗೇ ಕುಳಿತೆ.

ಸಾಲೆಯ ಅಕ್ಕೋರು ನೆನಪಾದರು. ನೆನಪಾದರು ಅನ್ನುವುದೂ ಸುಳ್ಳೇ. ಬಿಟ್ಟು ಹೋದವರು ನೆನಪಾಗುತ್ತಾರೆ, ಇವರು ನನ್ನನ್ನು ಬಿಟ್ಟು ಎಲ್ಲಿ ಹೋಗಿದ್ದಾರೆ...

ನಾನು ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು. ಈಗ ಮಗನ ಜೊತೆ ನವನಗರದಲ್ಲಿದ್ದೇನೆ. ಅದಕ್ಕೆ ಮುಂಚೆ ಧಾರವಾಡದಿಂದ ಉಪ್ಪಿನಬೆಟಗೇರಿ ಕಡೆ ಹೋಗುವ ದಾರಿಯ ಒಂದು ಸಣ್ಣ ಊರಿನಲ್ಲಿದ್ದೆವು. ಅಲ್ಲಿಯ ಸರ್ಕಾರಿ ಸಾಲೆಯಲ್ಲಿ ನಾನು ಬಿಸಿಯೂಟ ಬೇಯಿಸುತ್ತಿದ್ದೆ. ಸಾಲೆಯ ಕೀಲಿಕೈ ನನ್ನ ಸೊಂಟದಲ್ಲೇ ಇರುತ್ತಿತ್ತು. ಮಕ್ಕಳು ನನ್ನನ್ನು ಆಯಿ ಎಂದು ಕರೆಯುತ್ತಿದ್ದರು, ಅವರನ್ನು ಕೇಳಿ ಕೇಳಿ ಮಾಸ್ತರರೂ ಹಾಗೇ ಕರೆಯುತ್ತಿದ್ದರು. ಅಕ್ಕೋರು ಒಂದನೇ, ಎರಡನೇ ಇಯತ್ತೆಗೆ ಕಲಿಸುತ್ತಿದ್ದರು. ದಿನಾ ಧಾರವಾಡದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಸಣ್ಣ ಆಳು. ಧ್ವನಿ ಮಾತ್ರ ಮೂರು ಓಣಿ ಆಚೆ ಕೇಳುವಂಥದ್ದು.

ನಮ್ಮಿಬ್ಬರ ಗುರುತು ಜಗಳದಿಂದಲೇ ಶುರುವಾಯಿತು. ಸಾಲೆಗೆ ಒಂದು ಕಂಪ್ಯೂಟರ್ ಬಂತು. ಅದನ್ನು ಇಡಲು ಅವರಿಗೆ ನನ್ನ ಉಗ್ರಾಣದ ಖೋಲಿಯೇ ಬೇಕಾಯಿತು.

"ಆಯಿ, ನಿನ್ನ ಅಕ್ಕಿ ಚೀಲಾ ಅಡಗಿ ಖೋಲ್ಯಾಗ ಸರಿಸು."

"ಯಾಕ್ರಿ? ನಿಮ್ಮ ಡಬ್ಬಿ ಹುಡುಗ್ರಿಗೆ ಊಟಾ ಹಾಕತೈತೇನು?"

"ಊಟಾ ನೀ ಹಾಕು. ಉಂಡು ನಿದ್ದಿ ಮಾಡ್ದಂಗ ನಾ ನೋಡ್ಕೋತೇನಿ."

ಚೀಲ ಸರಿಸುವಾಗ ಅವರು ಬೇಳೆಯ ಚೀಲದ ಹತ್ತಿರ ಮೂಗು ತಂದು ನಿಂತರು. "ಇದರಾಗ ಗುಳಿಗಿ ಹಾಕೀ. ಹುಡುಗ್ರು ಉಣ್ಣೋದೈತಿ, ಈಗಿಂದೀಗ ತಗಿ" ಅಂದರು. ಚೀಲದ ಬಾಯಿ ಕಟ್ಟಿಯೇ ಇತ್ತು. ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಒಕ್ಕಲಮನಿ ಮಗಳು ನಾನು. ಇದ ವಾಸನ್ಯಾಗ ಬೆಳದೇನಿ" ಅಂದರು. ಅವತ್ತು ಸಿಟ್ಟು ಬಂದಿತ್ತು. ಆದರೂ ಗುಳಿಗೆ ತೆಗೆದೆ. ಸಾಲೆಯ ಕಾಳಿಗೆ ಮತ್ತೆ ಹಾಕಲಿಲ್ಲ. ಮನೆಯ ಜೋಳಕ್ಕೆ ಹಾಕುವುದನ್ನು ಮಾತ್ರ ಬಿಡಲಿಲ್ಲ.

ಕಂಪ್ಯೂಟರಿನ ಜೊತೆ ಪಾಠದ ಸಿಡಿಗಳೂ ಬಂದಿದ್ದವು. ಅಕ್ಕೋರು ಮಕ್ಕಳನ್ನು ಕೂರಿಸಿ ಹಚ್ಚಿದರು. ಯಾರೋ ಹೆಣ್ಣುಮಗಳು ಹಾಡಿನ ಹಾಗೆ ಮಾತಾಡಿದಳು. ಸಮುದ್ರದ ದಂಡೆಯ ದೀಪಸ್ತಂಭದ ಚಿತ್ರ ಬಂತು. ಇದು ಏನು ಎಂದು ಕೇಳಿದರೆ ಇಡೀ ಕ್ಲಾಸು "ನೀರಿನ ಟಾಕಿ!" ಎಂದು ಕೂಗಿತು. ನಾನು ಬಾಗಿಲಲ್ಲಿ ನಿಂತು ನಕ್ಕೆ. ಅಕ್ಕೋರು ನಗಲಿಲ್ಲ. "ಅವರದೇನೂ ತಪ್ಪಿಲ್ಲ ಆಯಿ. ಕಂಡಿದ್ದನ್ನ ಹೇಳ್ಯಾವು. ಕಂಡಿದ್ದನ್ನ ತೋರಿಸಿ ಕಲಿಸಬೇಕು" ಅಂದರು.

ಅಲ್ಲಿಂದ ಅವರಿಗೆ ಅದೇ ಹುಚ್ಚು. ಕಂಪ್ಯೂಟರಿನಲ್ಲಿ ಪಾಠ ಹೇಗೆ ಮಾಡಬೇಕೆಂದು ಧಾರವಾಡದಲ್ಲಿ ತರಬೇತಿ ಕೊಡುತ್ತಿದ್ದರಂತೆ, ರವಿವಾರ ರವಿವಾರ ಅಲ್ಲಿಗೆ ಹೋಗಿ ಕಲಿತು ಬಂದರು. ಊರಿನ ಟಾಕಿ, ಬಸ್‌ಸ್ಟ್ಯಾಂಡಿನ ಹುಣಸೆಮರ, ಗೌಡರ ಎಮ್ಮೆ, ರೊಟ್ಟಿ ಬಡಿಯುವ ನನ್ನ ಕೈ ಎಲ್ಲದರ ಫೋಟೋ ತೆಗೆದರು. ಚಿತ್ರ ಒತ್ತಿದರೆ ಅವರ ಧ್ವನಿಯೇ ಮಾತಾಡುವ ಹಾಗೆ ಜೋಡಿಸಿದರು. ಮೊದಲು ಅದು ಬರೀ ಹೌಸಿಗೆ, ಖುಷಿಗೆ ಮಾಡಿದ್ದು. ಆಮೇಲೆ ಹೌಸು ಉಳಿಯಲಿಲ್ಲ.

ದೀಪಾವಳಿ ಕಳೆದ ಮೇಲೆ ಅವರ ಧ್ವನಿ ಒಡೆಯಿತು. ಬರೀ ನೆಗಡಿ ಎಂದರು. ಸಂಕ್ರಮಣದ ಹೊತ್ತಿಗೆ ಹುಬ್ಬಳ್ಳಿಯ ಡಾಕ್ಟರು ಗಂಟಲಲ್ಲಿ ಗಂಟಿದೆ, ಕೊಯ್ದು ತೆಗೆಯಬೇಕು ಎಂದರು. ಜೀವ ಉಳಿಯುತ್ತದೆ, ಧ್ವನಿ ಉಳಿಯುವುದಿಲ್ಲ. ಅಕ್ಕೋರು ಇದನ್ನು ನನಗೆ ಒಲೆಯ ಮುಂದೆ ಕುಳಿತು ಹೇಳಿದರು. ನಾನು ಸಾರು ತಿರುವುತ್ತಿದ್ದೆ, ಸೌಟು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಇಬ್ಬರೂ ಅಳುತ್ತಿದ್ದೆವು, ಸಾರು ತಳ ಹತ್ತುತ್ತಿತ್ತು.

"ಹೆಡ್‌ಮಾಸ್ತರನ್ನ ಕೇಳೇನಿ" ಅಂದರು. "ಧ್ವನಿ ಇಲ್ಲಂದ್ರ ಆಫೀಸಿಗೆ ಹಾಕ್ತಾರಂತ, ಫೈಲ್ ಹೊಂದಿಸಾಕ. ಕಂಪ್ಯೂಟರ್ ಹಚ್ಚಿ ಪಾಠಾ ನಡಸ್ತೇನಿ ಅಂದ್ರ ಇಲ್ಲೇ ಇಟ್ಕೋತೇನಿ ಅಂದಾರ. ಎರಡೂ ಕ್ಲಾಸಿನ ವರ್ಷದ ಪಾಠಾ ತುಂಬಿ ಇಡಬೇಕು ಆಯಿ. ಬ್ಯಾಸಿಗಿ ಸೂಟ್ಯಾಗ ಕೊಯ್ತಾರ, ಅಷ್ಟರಾಗ, ಧ್ವನಿ ಇರೋದ್ರಾಗ."

ಮೂರು ತಿಂಗಳು ಅದೇ ಕೆಲಸ. ಸಾಲೆ ಬಿಟ್ಟ ಮೇಲೆ ಅವರು ಖೋಲಿಯೊಳಗೆ ಫ್ಯಾನ್ ಬಂದ್ ಮಾಡಿ, ವಯರಿನ ಸಣ್ಣ ಮೈಕು ಹಿಡಿದು ಕೂರುತ್ತಿದ್ದರು. ಸದ್ದಾಗದ ಹಾಗೆ ಕಾಯುವುದು ನನ್ನ ಕೆಲಸ. ಕಾಗೆ ಓಡಿಸುವುದು, ಆಡು ಓಡಿಸುವುದು, ಹಳೇ ಕಬ್ಬಿಣ ಕೊಳ್ಳುವ ಭಂಗಾರದವನು ಕೂಗುತ್ತ ಬಂದರೆ ಬಾಯಿ ಮುಚ್ಚಿಸಿ ಕಳಿಸುವುದು. ಅಕ್ಕೋರು "ಇದು ಏನು?" ಎಂದು ಕೇಳುತ್ತಿದ್ದರು. ಆಮೇಲೆ ಬೆರಳಿಂದ ಮೇಜಿನ ಮೇಲೆ ಟಕ್, ಟಕ್, ಟಕ್ ಎಂದು ಮೂರು ಬಾರಿ ಬಡಿದು ಸುಮ್ಮನಿರುತ್ತಿದ್ದರು. ಆ ಮೂರರೊಳಗೆ ಮಕ್ಕಳು ಯೋಚನೆ ಮಾಡಬೇಕು, ಮೂರಾದ ಮೇಲೆ ಉತ್ತರ ಹೇಳಬೇಕು. ಎದುರಿಗೆ ಮಕ್ಕಳೇ ಇರುತ್ತಿರಲಿಲ್ಲ. ಖಾಲಿ ಖೋಲಿಗೆ ಪ್ರಶ್ನೆ ಕೇಳಿ, ಖಾಲಿ ಖೋಲಿಯ ಉತ್ತರ ಕೇಳಿಸಿಕೊಂಡು, ತಲೆ ಆಡಿಸಿ "ಶಾಬಾಸ್" ಅನ್ನುತ್ತಿದ್ದರು.

ಒಂದು ಸಲ ನನಗೆ ತಡೆಯಲಾಗಲಿಲ್ಲ. "ಇದು ಏನು?" ಅಂದರು. ಒಂದು ಟಕ್ ಆಗಿತ್ತೋ ಇಲ್ಲವೋ, ನಾನು ಬಾಗಿಲಿಂದ "ಎಮ್ಮಿ ಅಲ್ಲೇನ್ರಿ ಅದು!" ಎಂದೆ. ಅಕ್ಕೋರು ಕೆಮ್ಮು ಬರುವವರೆಗೆ ನಕ್ಕರು. "ಮೂರಕ್ಕ ಮೊದಲ ಉತ್ತರ ಹೇಳಬಾರದು ಆಯಿ. ಅವಸರದ ಉತ್ತರ ಬಹಳ ಸಲ ತಪ್ಪಿರತೈತಿ." ಅದನ್ನು ಅಳಿಸಲೂ ಇಲ್ಲ. ಪಾಠ ಹಚ್ಚಿದಾಗ ಮಕ್ಕಳು ಅದನ್ನೇ ಕಾಯುತ್ತಿದ್ದವು. ನಾನು ಅನ್ನ ಬಡಿಸಲು ಹೋದರೆ "ಎಮ್ಮಿ ಆಯಿ ಬಂದ್ಲು!" ಎಂದು ಕೂಗುತ್ತಿದ್ದವು.

ಏಪ್ರಿಲ್‌ನಲ್ಲಿ ಸಾಲೆ ಮುಚ್ಚುವ ದಿನ ಕೊನೆಯ ಪಾಠ ತುಂಬಿದರು. ಧ್ವನಿ ಅಷ್ಟೊತ್ತಿಗೆ ಗರಗಸದ ಹಾಗಾಗಿತ್ತು. ಕೊನೆಗೆ ಹೇಳಿದ್ದು ಇಷ್ಟೇ: "ಇವತ್ತಿಗೆ ಸಾಕು. ಮನಿಗೆ ಹೋಗ್ರಿ. ಓಡಬ್ಯಾಡ್ರಿ, ರಸ್ತೆ ನೋಡ್ಕೊಂಡು ಹೋಗ್ರಿ..." ಮೈಕು ಇಟ್ಟು, ಅದರ ವಯರು ಸುತ್ತಿದರು. ಆಮೇಲೆ ಹೆಬ್ಬೆರಳಿನಷ್ಟು ಉದ್ದದ ಒಂದು ಪೆನ್ ಡ್ರೈವನ್ನು ನನ್ನ ಕೈಗಿಟ್ಟರು.

"ಕಂಪ್ಯೂಟರಿನ್ಯಾಗ ಇದ್ದಿದ್ದೆಲ್ಲಾ ಇದರಾಗೂ ಐತಿ. ಆಸ್ಪತ್ರಿ ಓಡಾಟದಾಗ ನಾ ಎಲ್ಲೆರೆ ಕಳಕೊಂಡೇನು. ಕೀಲಿ ಇಟ್ಕೊಂಡಂಗ ಇದನ್ನೂ ಇಟ್ಕೋ. ನೀರು ಬೀಳಬಾರದು, ಬಿಸಿಲು ಬಡೀಬಾರದು, ಹುಡುಗ್ರ ಕೈಗೆ ಸಿಗಬಾರದು."

ನಮ್ಮ ಮನೆಯಲ್ಲಿ ನೀರು, ಬಿಸಿಲು, ಮಕ್ಕಳ ಕೈ ಮೂರೂ ಮುಟ್ಟದ ಜಾಗ ಒಂದೇ. ನನ್ನ ತಾಯಿ ಗುಂಡಿನ ಸರ ಇಟ್ಟಿದ್ದು ಅಲ್ಲಿ, ನಾನು ಬೋರಮಾಳ ಇಟ್ಟಿದ್ದೂ ಅಲ್ಲಿ. ಪೆನ್ ಡ್ರೈವನ್ನು ಅಡಿಕೆ ಸಂಚಿಯಲ್ಲಿ ಹಾಕಿ, ದಾರ ಎಳೆದು ಕಟ್ಟಿ, ಜೋಳದ ಡಬ್ಬಿಯ ನಡುವೆ ಹುಗಿದೆ. ಆಗಷ್ಟೇ ಹೊಸ ಜೋಳ ತುಂಬಿದ್ದೆ. ಪ್ರತಿ ವರ್ಷ ಹಾಕುವ ಹಾಗೆ ಗುಳಿಗೆ ಹಾಕಿ, ಗಾಳಿ ಹೋಗದಂತೆ ಮುಚ್ಚಳದ ಸುತ್ತ ಸಗಣಿ ಮೆತ್ತಿದೆ. ಬಂಗಾರ ಇಡುವ ಕಡೆ ಇಟ್ಟಿದ್ದೇನೆಂದು ನೆಮ್ಮದಿಯಾಗಿದ್ದೆ.

ಮೇ ತಿಂಗಳ ಅಡ್ಡಮಳೆಯಲ್ಲಿ ಸಾಲೆಯ ಪಕ್ಕದ ಕಂಬಕ್ಕೆ ಸಿಡಿಲು ಹೊಡೆಯಿತು. ಕಂಪ್ಯೂಟರ್ ಸುಟ್ಟು ಹೋಯಿತು. ಹೆಡ್‌ಮಾಸ್ತರರು ತಲೆಯ ಮೇಲೆ ಕೈ ಹೊತ್ತರು. ನಾನು ಒಳಗೊಳಗೇ ಬೀಗಿದೆ. ಅಕ್ಕೋರ ಧ್ವನಿ ನನ್ನ ಮನೆಯಲ್ಲಿ ಭದ್ರವಾಗಿದೆ ಎಂದುಕೊಂಡೆ.

ಜೂನ್‌ನಲ್ಲಿ ಅಕ್ಕೋರು ಬಂದರು. ಕುತ್ತಿಗೆಗೆ ಬಿಳಿ ಬಟ್ಟೆ. ಮಕ್ಕಳು "ನಮಸ್ತೇ ಅಕ್ಕೋರ" ಎಂದು ಕೂಗಿದವು. ಅವರ ಬಾಯಿ ಆಡಿತು, ಗಾಳಿಯಷ್ಟೇ ಬಂತು. ಕೈಯಲ್ಲಿ ಒಂದು ಪಾಟಿ ಹಿಡಿದಿದ್ದರು. ಅದರ ಮೇಲೆ "ಆಯಿ, ಅದನ್ನ ತಂದಿಯೇನು?" ಎಂದು ಬರೆದು ತೋರಿಸಿದರು. ಊರವರು ಯಾರದೋ ಕೈಕಾಲು ಹಿಡಿದು ಇನ್ನೊಂದು ಕಂಪ್ಯೂಟರ್ ತರಿಸಿದ್ದರು. ಅದನ್ನು ಜೋಡಿಸಲು ಹುಬ್ಬಳ್ಳಿಯಿಂದ ಒಬ್ಬ ರಿಪೇರಿಯವನು ಬಂದಿದ್ದ. ನಾನು ಸಂಚಿಯನ್ನು ಅಕ್ಕೋರ ಕೈಗೆ ಕೊಟ್ಟೆ. ಅವರು ದಾರ ಬಿಚ್ಚಿ ಪೆನ್ ಡ್ರೈವನ್ನು ಅವನಿಗೆ ಕೊಟ್ಟರು. ಖಾಲಿ ಸಂಚಿ ಅವರ ಕೈಯಲ್ಲೇ ಉಳಿಯಿತು.

ಅವನು ಹಾಕಿದ, ತೆಗೆದ, ಮತ್ತೆ ಹಾಕಿದ. ಏನೂ ಬರಲಿಲ್ಲ. ಬೆಳಕಿಗೆ ಹಿಡಿದು ನೋಡಿದ.

"ಇದರ ಬಾಯೆಲ್ಲಾ ಕರ್ರಗಾಗೇತಲ್ರಿ. ಒಳಗ ತಾಮ್ರಾನ ತಿಂದು ಹಾಕೇತಿ. ಏನರ ಔಷಧದಾಗ ಇಟ್ಟಿದ್ರೇನು?"

ನನಗೆ ಆ ಕ್ಷಣವೇ ತಿಳಿಯಿತು. ಗುಳಿಗೆ ಹಾಕಿದಾಗ ಡಬ್ಬಿಯಲ್ಲೇ ಇರುತ್ತಿದ್ದ ನನ್ನ ಹಿತ್ತಾಳೆಯ ಸೇರು ಕಪ್ಪಾಗುತ್ತಿದ್ದುದು ಕಣ್ಣ ಮುಂದೆ ಬಂತು. ಅಕ್ಕೋರು ಆ ಸಂಚಿಯನ್ನು ಮುಖಕ್ಕೆ ಒತ್ತಿಕೊಂಡರು. ಅಳುತ್ತಿದ್ದಾರೆ, ಮುಖ ಮುಚ್ಚಿಕೊಂಡಿದ್ದಾರೆ ಎಂದುಕೊಂಡೆ. ಸಂಚಿ ಇಳಿಸಿದಾಗ ಕಣ್ಣು ಒಣಗಿಯೇ ಇದ್ದವು. ಪಾಟಿಯ ಮೇಲೆ ಏನೋ ಬರೆದು ನನ್ನ ಕಡೆ ತಿರುಗಿಸಿದರು.

"ನೀರು ಬಿತ್ತೇನು?"

ಬೆರಳಿಂದ ಪಾಟಿಯ ಚೌಕಟ್ಟಿನ ಮೇಲೆ ಟಕ್... ಮೂರಾಗುವವರೆಗೆ ನಾನು ಕಾಯಲಿಲ್ಲ.

"ಇಲ್ರಿ ಅಕ್ಕೋರ. ದೇವರಾಣಿ, ಒಂದು ಹನಿ ಬಿದ್ದಿಲ್ಲ."

ಅದು ಖರೇ. ಒಂದು ಹನಿಯೂ ಬಿದ್ದಿರಲಿಲ್ಲ.

"ಹಂಗಾರ ಮಾಲ ಖರಾಬ್ ಇತ್ತು ಬಿಡ್ರಿ" ಎಂದು ರಿಪೇರಿಯವನು ಕೈ ಝಾಡಿಸಿದ. ಅಕ್ಕೋರು ಹೌದೆಂದು ತಲೆ ಆಡಿಸಿದರು. ಅಲ್ಲಿಗೆ ಮಾತು ಮುಗಿಯಿತು.

ದಸರೆಯವರೆಗೆ ಅವರು ಹೇಗೋ ಕ್ಲಾಸು ನಡೆಸಿದರು. ಚಿತ್ರ ತೋರಿಸುವುದು, ಮೇಜಿನ ಮೇಲೆ ಟಕ್ ಟಕ್ ಟಕ್ ಎನ್ನುವುದು, ಮಕ್ಕಳು ಕೂಗುವುದು. ಎರಡನೆಯ ಇಯತ್ತೆಯವರಿಗೆ ಹಿಂದಿನ ವರ್ಷದ ಧ್ವನಿ ನೆನಪಿತ್ತು, ಅವರೇ ಅಕ್ಕೋರ ಹಾಗೆ ಪ್ರಶ್ನೆ ಕೇಳಿ ತಾವೇ ಉತ್ತರ ಹೇಳುತ್ತಿದ್ದರು. ಒಂದನೆಯವರಿಗೆ ಏನೂ ನೆನಪಿರಲಿಲ್ಲ. ಆ ಕೂಸುಗಳು ಅವರ ಬಾಯಿಯನ್ನೇ ನೋಡುತ್ತ ಕೂರುತ್ತಿದ್ದವು. ಸಾಹೇಬರು ತಪಾಸಣೆಗೆ ಬಂದರು, ನೋಡಿದರು, ಬರೆದುಕೊಂಡು ಹೋದರು. ದೀಪಾವಳಿ ಸೂಟಿ ಮುಗಿಯುವ ಮೊದಲೇ ಅಕ್ಕೋರನ್ನು ಧಾರವಾಡದ ಒಂದು ಆಫೀಸಿಗೆ ಹಾಕಿದರು. ಹೋಗುವ ದಿನ ಅಡಿಗೆ ಖೋಲಿಗೆ ಬಂದು ನನ್ನ ಕೈ ಹಿಡಿದು ನಿಂತರು. ಆಗಲಾದರೂ ಹೇಳಬಹುದಿತ್ತು. ಕೈ ಬಿಡಿಸಿಕೊಂಡು ಒಲೆ ಊದಲು ಕುಳಿತೆ.

ನಾಲ್ಕು ವರ್ಷದ ಮೇಲೆ ಅವರು ತೀರಿಕೊಂಡರೆಂದು ಕೇಳಿದೆ. ಗಂಟು ಮತ್ತೆ ಬಂದಿತ್ತಂತೆ. ಮಣ್ಣಿಗೆ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ?

ಈಗ ನಮ್ಮ ಓಣಿಯ ಸಾಲೆಯಲ್ಲಿ ಗೋಡೆಯಷ್ಟು ದೊಡ್ಡ ಪರದೆ ಇದೆ. ಮೊಮ್ಮಗಳನ್ನು ಕರೆತರಲು ಹೋದಾಗ ಕಿಟಕಿಯಿಂದ ಕೇಳುತ್ತದೆ. ಯಾರದೋ ಧ್ವನಿ, ಪ್ರಶ್ನೆ ಕೇಳಿ ತಾನೇ ಉತ್ತರ ಹೇಳಿಬಿಡುತ್ತದೆ. ಕಾಯುವುದೇ ಇಲ್ಲ. ನಾನು ಕಿಟಕಿಯ ಹತ್ತಿರ ನಿಂತು ಮನಸ್ಸಿನಲ್ಲೇ ಮೂರು ಎಣಿಸುತ್ತೇನೆ. ಅಕ್ಕೋರು ಹೇಳಿದ್ದು ಒಂದೊಂದು ಮಾತೂ ನೆನಪಿದೆ. ಧ್ವನಿ ನೆನಪಿಲ್ಲ. ಎಷ್ಟು ತಿಣುಕಿದರೂ ಬರುವುದಿಲ್ಲ. "ರಸ್ತೆ ನೋಡ್ಕೊಂಡು ಹೋಗ್ರಿ" ಎಂದು ನೆನೆಸಿಕೊಂಡರೆ ನನ್ನದೇ ಒಡಕು ಧ್ವನಿ ಕೇಳುತ್ತದೆ. ಹೊರಗೂ ಇಲ್ಲ, ಒಳಗೂ ಇಲ್ಲ, ಎಲ್ಲ ಕಡೆಯಿಂದ ನಾನೇ ಅಳಿಸಿದ ಹಾಗಾಗಿದೆ.

ಇಷ್ಟು ವರ್ಷ ಅದೊಂದೇ ಭಾರ ಎಂದುಕೊಂಡಿದ್ದೆ. ಮೊನ್ನೆ ಡಬ್ಬಿಯ ವಾಸನೆ ಮುಖಕ್ಕೆ ಹೊಡೆದಾಗ ಮತ್ತೊಂದು ತಿಳಿಯಿತು. ಆ ಸಂಚಿ ಎರಡು ತಿಂಗಳು ಗುಳಿಗೆಯ ಡಬ್ಬಿಯಲ್ಲಿತ್ತು. ಬಟ್ಟೆಯ ಸಂಚಿ. ನನ್ನ ಮೂಗಿಗೆ ರೂಢಿಯಾಗಿತ್ತು, ತಿಳಿಯಲಿಲ್ಲ. ಬಾಯಿ ಕಟ್ಟಿದ ಬೇಳೆ ಚೀಲದಲ್ಲಿ ಗುಳಿಗೆ ಇದೆಯೆಂದು ಹೇಳಿದ ಮೂಗು ಅವರದು. ಅವರು ಮುಖ ಮುಚ್ಚಿಕೊಂಡಿರಲಿಲ್ಲ. ಮೂಸಿದ್ದರು.

ಅವರಿಗೆ ಗೊತ್ತಿತ್ತು. ಗೊತ್ತಾದ ಮೇಲೆಯೇ ನೀರಿನ ಪ್ರಶ್ನೆ ಬರೆದರು. ನಾಲ್ಕು ಜನರೆದುರು ನಾನು ಸುಳ್ಳು ಹೇಳದೆಯೇ "ಇಲ್ಲ" ಎನ್ನಬಹುದಾದ ಪ್ರಶ್ನೆ ಅದೊಂದೇ. ತಮ್ಮ ಧ್ವನಿ ಹೋಯಿತು, ಕ್ಲಾಸು ಹೋಗುತ್ತದೆ ಎಂದು ಗೊತ್ತಿದ್ದ ಗಳಿಗೆಯಲ್ಲಿ ಅಡಿಗೆಯವಳ ಮಾನಕ್ಕೆ ಪ್ರಶ್ನೆ ಹುಡುಕಿದರು. ಕೈ ಹಿಡಿದು ನಿಂತಾಗಲೂ ಗೊತ್ತಿತ್ತು. ಕಾಯುತ್ತಿದ್ದರೋ ಏನೋ...

ಮುಚ್ಚಳದ ಮೇಲೆ ಬೆರಳಿಟ್ಟೆ. ಟಕ್. ಟಕ್. ಟಕ್.

"ಗುಳಿಗಿ ಹಾಕಿದ್ನಿರಿ ಅಕ್ಕೋರ" ಅಂದೆ.

ಅಡಿಗೆ ಮನೆಯಿಂದ ಸೊಸೆ ಕೂಗಿದಳು. "ಅತ್ತಿ, ಯಾರ ಜೋಡಿ ಮಾತಾಡಾಕತ್ತೀರಿ?"

"ಜೋಳದ ಜೋಡಿ" ಎಂದೆ. ಮುಚ್ಚಳ ಹಾಕಿದೆ.